ನಿಮ್ಮಪ್ಪನ ‘ನಿನ್ನಿಷ್ಟ’

ಮನೆಯಿಂದ,
ಭಾನುವಾರ, ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯೆ? ಕೆಮ್ಮು ಹೋಯಿತೇ? ಹೊಸ ಕೋಣೆಯ ಕಿಟಕಿಗೆ ಇನ್ನೂ ಹಳೇ ಪತ್ರಿಕೆಯನ್ನೇ ಅಂಟಿಸಿಕೊಂಡಿದ್ದೀಯಾ? ಪರದೆ ಹೊಲಿದು ಕಳಿಸುತ್ತೇನೆ, ಅಳತೆ ಹೇಳು ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಫೋನಿನಲ್ಲಿ ಮಾತಾಡೋಣವೆಂದರೆ ನಿಮ್ಮಪ್ಪ ಪಕ್ಕದಲ್ಲೇ ಕಿವಿ ನಿಮಿರಿಸಿಕೊಂಡು ಕೂತಿರುತ್ತಾರೆ. ಅದಕ್ಕೇ ಈ ಪತ್ರ.

ನಾನು ಪರವಾಗಿಲ್ಲ. ಗಡ್ಡೆ ತೆಗೆದ ಬಲತೊಡೆಯ ಗಾಯ ಮಾಗಿದೆ. ರೇಡಿಯೇಷನ್‌ಗೆ ಕಪ್ಪಾದ ಚರ್ಮ ಸಿಪ್ಪೆ ಏಳುತ್ತಿದೆ. ಹೊಲಿಗೆ ಯಂತ್ರವನ್ನು ಎಡಗಾಲಲ್ಲೇ ತುಳಿಯುವುದು ಅಭ್ಯಾಸವಾಯಿತು. ಗಡ್ಡೆ ಹೋಯಿತು, ಪೀಡೆ ಕಳೆಯಿತು ಎಂದುಕೊಂಡಿದ್ದೆ. ಅಷ್ಟರಲ್ಲಿ ಡಾಕ್ಟರಮ್ಮ ಕೂರಿಸಿಕೊಂಡು, “ಕಣ್ಣಿಗೆ ಕಂಡಿದ್ದೆಲ್ಲ ತೆಗೆದಿದ್ದೀವಿ. ಕಾಣದೇ ಇರೋದು ಉಳಿದಿದ್ರೆ ಶ್ವಾಸಕೋಶಕ್ಕೆ ಹೋಗಬಹುದು. ಕೀಮೋ ತಗೊಂಡ್ರೆ ಆ ಅಪಾಯ ಸ್ವಲ್ಪ ಕಡಿಮೆಯಾಗಬಹುದು, ಆಗದೇನೂ ಇರಬಹುದು. ತೀರ್ಮಾನ ನಿಮ್ಮದು” ಎಂದರು. ಹರಿದ ಬಟ್ಟೆ ತಂದವರಿಗೆ ನಾನು “ಹೊಲಿದರೆ ನಿಲ್ಲಬಹುದು, ನಿಲ್ಲದೇನೂ ಇರಬಹುದು” ಎಂದರೆ ಯಾರಾದರೂ ಎರಡನೇ ಸಲ ಬರುತ್ತಾರೆಯೇ, ನೀನೇ ಹೇಳು.

ಮನೆಗೆ ಬಂದು ನಿಮ್ಮಪ್ಪನನ್ನು ಕೇಳಿದೆ. ಮದುವೆಯಾದಾಗಿನಿಂದ ಗೋಡೆಯ ಬಣ್ಣ, ಪಾತ್ರೆಯ ಗಾತ್ರ, ನಿನ್ನ ಶಾಲೆ, ಕೊನೆಗೆ ನನ್ನ ಕನ್ನಡಕದ ಚೌಕಟ್ಟು ಕೂಡ ಅವರು ಹೇಳಿದ್ದೇ ತಾನೇ? ಆ ಮಹಾನುಭಾವರು ರಿಪೇರಿಗೆ ಬಂದ ಗಡಿಯಾರದಿಂದ ತಲೆ ಎತ್ತದೆ “ನಿನ್ನಿಷ್ಟ” ಎಂದರು! ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಎಲ್ಲಿಟ್ಟಿದ್ದಿರಿ ಈ ಮಾತನ್ನು ಎಂದು ಕೂಗಾಡಿದೆ. ಆಮೇಲೆ ಅವರು ಸಣ್ಣ ದನಿಯಲ್ಲಿ, “ನಾನು ತಗೋ ಅಂದು ನೀನು ನರಳಿದ್ರೆ? ಬೇಡ ಅಂದು ಅದು ವಾಪಸ್ ಬಂದ್ರೆ?” ಎಂದರು. ಆದರೂ ಸಿಟ್ಟು ಇಳಿಯಲಿಲ್ಲ ಅನ್ನು.

ಪಕ್ಕದ ಮನೆಯಾಕೆ ಬೇರೆ, “ಗಡ್ಡೆ ತೆಗೆದಾಯ್ತಲ್ಲ, ಸುಮ್ನೆ ಯಾಕ್ರೀ ಕೂದಲು ಉದುರಿಸ್ಕೋತೀರಾ?” ಎಂದು ಉಪದೇಶ ಮಾಡಿಹೋದಳು.

ಮಾರನೆಯ ದಿನ ಯಾರಿಗೂ ಹೇಳದೆ ಬಸ್ಸು ಹತ್ತಿ ಡಾಕ್ಟರಮ್ಮನ ಮುಂದೆ ಹೋಗಿ ಕೂತೆ. “ನಿಮ್ಮಕ್ಕನಿಗೇ ಹೀಗಾಗಿದ್ದರೆ ಏನು ಹೇಳುತ್ತಿದ್ದಿರಿ, ಡಾಕ್ಟರಮ್ಮ?” ಎಂದೆ. ಆಕೆ ಪೆನ್ನು ಕೆಳಗಿಟ್ಟು, “ನಿಮ್ಮ ಗಡ್ಡೆ ದೊಡ್ಡದಿತ್ತು, ಆಳದಲ್ಲಿತ್ತು. ಕೀಮೋ ತಡೆಯೋಷ್ಟು ಹೃದಯ ಗಟ್ಟಿಯಾಗಿದೆ. ತಗೋ ಅಂತಿದ್ದೆ. ಭರವಸೆ ಮಾತ್ರ ಕೊಡ್ತಿರಲಿಲ್ಲ” ಎಂದರು. ನನಗೆ ಅಷ್ಟು ಸಾಕಾಯಿತು. ನಾಳೆ ಅಡ್ಮಿಟ್ ಆಗುತ್ತಿದ್ದೇನೆ. ಸುದ್ದಿ ಹೇಳಿದಾಗ ನಿಮ್ಮಪ್ಪ “ಒಬ್ಳೇ ಹೋಗಿದ್ಯಾ?” ಎಂದು ರೇಗಿದರು. ನೋಡು, ಹಳೇ ಮನುಷ್ಯ ವಾಪಸು ಬಂದರು!

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ, ಕಂದಾ.

ನಿನ್ನ
ಅಮ್ಮ

ಮರೆತ ಮಾತು: ಸೋಮವಾರ, ವಾರ್ಡಿನಿಂದ. ಬಲಗೈಗೆ ಸೂಜಿ ಚುಚ್ಚಿದ್ದಾರೆ, ಎಡಗೈ ಬರಹ, ಹೇಗೋ ಓದಿಕೋ. ಔಷಧಿ ಕೆಂಪಗಿದೆ. ನಳಿಗೆಯಲ್ಲಿ ಅದು ಇಳಿಯುವುದನ್ನು ನೋಡಿ ನಿಮ್ಮಪ್ಪ ತಲೆ ಸುತ್ತಿ ಬಿದ್ದರು. ಈಗ ಪಕ್ಕದ ಮಂಚದಲ್ಲಿ ಮಲಗಿಕೊಂಡು ನರ್ಸ್‌ಗೆ ನನ್ನನ್ನು ನೋಡಿಕೊಳ್ಳುವುದು ಹೇಗೆಂದು ಪಾಠ ಹೇಳುತ್ತಿದ್ದಾರೆ. ಮುಂದಿನ ಸುತ್ತಿನ ಕೀಮೋಗೆ ರಜೆ ಹಾಕಿ ಬಾ. ನನಗಾಗಿ ಅಲ್ಲ, ಅವರಿಗಾಗಿ ಎಂದು ಬರೆಯಬೇಕೆಂದಿದ್ದೆ. ಸುಳ್ಳೇಕೆ? ನನಗೇ ಭಯವಾಗಿದೆ. ಬಾ.