ಹೋಟೆಲಿನ ಗೋಡೆಯಲ್ಲಿ ಅವ್ವನ ಫೋಟೊ

ಅವ್ವಾ,

ನೀನು ಹೋಗಿ ಮೂರು ವರ್ಷ ಆತು. ಈ ಕಾಗದ ನಿನಗೆ ಮುಟ್ಟುವುದಿಲ್ಲ ಅಂತ ಗೊತ್ತಿದೆ. ಆದರೂ ಸಿಟ್ಟು ತಡೆಯಲಾಗದೆ ಬರೆಯುತ್ತಿದ್ದೇನೆ.

ಇವತ್ತು ಮಧ್ಯಾಹ್ನ ನಮ್ಮ ಬ್ಯಾಂಕಿನವರೆಲ್ಲ ಸೇರಿ ಕುಮಟಾ ಹೈವೇ ಪಕ್ಕ ಹೊಸದಾಗಿ ಶುರುವಾದ ಮೆಕ್ಸಿಕನ್ ಹೋಟೆಲಿಗೆ ಹೋಗಿದ್ದೆವು. ಜೋಳದ ಸಣ್ಣ ರೊಟ್ಟಿ ಮಡಚಿ, ಒಳಗೆ ನಮ್ಮ ಅಘನಾಶಿನಿ ಹೊಳೆಯ ಬಳಚು ಚಿಪ್ಪಿನ ಮಾಂಸ ತುಂಬಿ, ಲಿಂಬೆ ಹಿಂಡಿ, ಟ್ಯಾಕೊ ಅಂತ ಕೊಟ್ಟರು. ರುಚಿ ಇತ್ತು, ಸುಳ್ಳು ಹೇಳುವುದಿಲ್ಲ. ತಲೆ ಎತ್ತಿದರೆ ಎದುರಿನ ಗೋಡೆ ತುಂಬ ನೀನು! ಸೊಂಟದವರೆಗೆ ನೀರಲ್ಲಿ ನಿಂತು ಬಳಚು ಆರಿಸುತ್ತಿದ್ದೀಯ. ಕೆಳಗೆ ಇಂಗ್ಲಿಷಿನಲ್ಲಿ ‘ಊರಿನ ಹೆಂಗಸು’ ಅಂತ ಮಾತ್ರ ಬರೆದಿತ್ತು.

ಮ್ಯಾನೇಜರನ್ನು ಕರೆದು, “ಇವರ ಹೆಸರು ಎಂತ?” ಅಂದೆ.

“ಗೊತ್ತಿಲ್ಲ ಮೇಡಂ. ಡೆಕೊರೇಶನ್‌ಗೆ ಹಾಕಿದ್ದು.”

“ಯಾರನ್ನ ಕೇಳಿ ಹಾಕಿದ್ರಿ?”

ಅವನು ನಕ್ಕು, “ಒಂದು ಐಸ್‌ಕ್ರೀಂ ಕಳಿಸ್ಲಾ ಮೇಡಂ?” ಅಂದ. ಮೈಯೆಲ್ಲ ಉರಿದುಹೋಯಿತು.

ಪಕ್ಕದಲ್ಲಿದ್ದ ಅಂಕಿತಾ, “ನಿಂಗೆ ಪರಿಚಯದವರೇನೇ?” ಅಂದಳು. ಕಾಲೇಜಿನಿಂದಲೂ ನನ್ನ ಜೊತೆಗಿರುವವಳು. ನಾನು ಮರೆತುಹೋದ ಬುತ್ತಿ ಕೊಡಲು ನೀನು ಬಳಚಿನ ಬುಟ್ಟಿ ಸಮೇತ ಕಾಲೇಜಿನ ಗೇಟಿಗೆ ಬಂದ ದಿನವೂ ಇದನ್ನೇ ಕೇಳಿದ್ದಳು. “ನಮ್ಮೂರಿನ ಯಾರೋ ಹೆಂಗಸು” ಅಂದಿದ್ದೆ. ನಿನಗೆ ಕೇಳಿಸಿತ್ತೋ ಏನೋ, ನೀನು ಒಂದು ದಿನವೂ ಆ ಮಾತು ಎತ್ತಲಿಲ್ಲ.

ಇವತ್ತು ಇಡೀ ಹೋಟೆಲಿಗೆ ಕೇಳುವಂತೆ ಹೇಳಿದೆ: “ಇವಳು ನನ್ನ ಅವ್ವ. ಹೆಸರು ಹೊನ್ನಿ.” ಪೆನ್ನು ತೆಗೆದು ಆ ಇಂಗ್ಲಿಷನ್ನು ಹೊಡೆದುಹಾಕಿ, ನಿನ್ನ ಹೆಸರನ್ನು ದೊಡ್ಡದಾಗಿ ಕನ್ನಡದಲ್ಲಿ ಬರೆದೆ.

ಬೇಕಾದರೆ ಅವರು ಒರೆಸಲಿ. ನಾಳೆ ಮತ್ತೆ ಹೋಗಿ ಬರೆಯುತ್ತೇನೆ.

ನಿನ್ನ ಮಗಳು