ಕಲ್ಯಾಣದುರ್ಗದ ಹನ್ನೆರಡು ಮಗ್ಗ

28-10-89, ಹಿಂದೂಪುರ
ಇವತ್ತೂ ಇಪ್ಪತ್ತು ಜನಕ್ಕೆ ಉಪ್ಪಿಟ್ಟು. ಎಲೆಕ್ಷನ್ ಮುಗಿಯುವವರೆಗೆ ಇದೇ ಪಾಡು. ಮಾವ ತಾವು ನಿಂತಿಲ್ಲ, ನನ್ನ ತವರು ಕಲ್ಯಾಣದುರ್ಗದಲ್ಲಿ ತಮ್ಮ ಕಡೆಯವರನ್ನು ನಿಲ್ಲಿಸಿದ್ದಾರೆ. ಸಿಲ್ಕ್ ಮಿಲ್ಲಿನ ಮಾಲೀಕ, ನಮ್ಮ ಮಾವ ಶಂಕರಯ್ಯನವರ ಜೀಪು ಬಂತೆಂದರೆ ಆಫೀಸರುಗಳೂ ಎದ್ದು ನಿಲ್ಲುತ್ತಾರೆ.

5-11-89
ಕಲ್ಯಾಣದುರ್ಗದ ಸಭೆಯಲ್ಲಿ ಮಾವ ಮಾತು ಕೊಟ್ಟರು. ಇಲ್ಲೊಂದು ಪವರ್‌ಲೂಮ್ ಶೆಡ್ಡು, ಕೈಮಗ್ಗ ನಿಂತುಹೋದ ಮನೆಗಳ ಹೆಂಗಸರಿಗೆ ಕೆಲಸ. ತವರಿನ ಪಕ್ಕದ ಮನೆ ರಾಮಕ್ಕ ಅತ್ತೇಬಿಟ್ಟಳು. ನಾನೂ ಚಪ್ಪಾಳೆ ತಟ್ಟಿದೆ. ಮಾವನ ಮಾತು ನಂಬಿಯೇ.

29-11-89
ಸೋತೆವು. ಫೋನಿಗೆ ಸದ್ದೇ ಇಲ್ಲ.
"ಶೆಡ್ಡು...?" ಅಂದೆ.
"ಅದು ಗೆದ್ರೆ ಅಂತ ಹೇಳಿದ್ದು ಕಣಮ್ಮ." ಮಾವ ಪೇಪರ್ ಮಡಿಸಿ ಎದ್ದುಹೋದರು. ಇವರೂ ಅಪ್ಪನ ಹಿಂದೆಯೇ ಎದ್ದರು.

9-1-90
ಹನ್ನೊಂದು ಹೆಂಗಸರನ್ನು ಕಟ್ಟಿಕೊಂಡು ರಾಮಕ್ಕ ಬಸ್ಸಿನಲ್ಲಿ ಬಂದಿದ್ದಳು. ಮಾವನ ಎದುರು ನಿಂತೇ ಮಾತಾಡಿದಳು.
"ಅಯ್ಯಾ, ನಾವು ನಿಮ್ಮ ಮಾತು ನಂಬ್ಕೊಂಡು ಓಟು ಹಾಕಿದ್ವಿ. ಬಿಟ್ಟಿ ಏನೂ ಬ್ಯಾಡ. ಮಗ್ಗ ಕೊಡಿ, ನೇಯ್ತೀವಿ."
"ಈಗ ನನ್ನ ಮಾತು ಯಾವ ಆಫೀಸಲ್ಲಿ ನಡೀತೈತೆ? ಕರೆಂಟ್ ಕನೆಕ್ಷನ್ ಯಾರು ಕೊಡ್ತಾರೆ?"
ಬಾಯಿಂದ ಬಂದೇಬಿಟ್ಟಿತು — "ಅದು ನಾನು ತತ್ತೀನಿ ಮಾವ. ಮಿಲ್ಲಿನ ಗೋಡೌನಲ್ಲಿ ಸುಮ್ನೆ ಬಿದ್ದಿರೋ ಹನ್ನೆರಡು ಪವರ್‌ಲೂಮ್ ಮಗ್ಗ ಕೊಟ್ಬುಡಿ, ಸಾಕು."
ಮದುವೆಯಾಗಿ ಹದಿನಾಲ್ಕು ವರ್ಷ. ಅವರೆದುರು ಹೀಗೆ ಮಾತಾಡಿದ್ದು ಇದೇ ಮೊದಲು. ಮಾವ ನನ್ನ ಕಡೆ ತಿರುಗಿದರು.
"ಮೊದ್ಲು ಕನೆಕ್ಷನ್ ತಾ. ಆಮೇಲೆ ಮಗ್ಗ."

2-3-90, ಕಲ್ಯಾಣದುರ್ಗ
ತವರಿನ ಹಿತ್ತಲ ಹಳೇ ಶೆಡ್ಡಿಗೆ ಕನೆಕ್ಷನ್ ಕೇಳಿ ಕರೆಂಟ್ ಆಫೀಸಿಗೆ ಆರನೇ ಸಲ. ಯಾವ ಲೀಡರ್ ಚೀಟಿಯೂ ಇಲ್ಲ. ಇವತ್ತು ಹನ್ನೆರಡು ಜನವೂ ನನ್ನ ಜೊತೆ ಬಂದರು. ಅರ್ಜಿಯ ಕೆಳಗೆ ಎಲ್ಲರ ಸಹಿ, ಮೂವರದು ಹೆಬ್ಬೆಟ್ಟು. ನಿಮ್ಮನ್ನು ಕಳಿಸಿದ್ದು ಯಾರು ಅಂತ ಇಂಜಿನಿಯರ್ ತೆಲುಗಿನಲ್ಲಿ ಕೇಳಿದರು. ರಾಮಕ್ಕನೂ ತೆಲುಗಿನಲ್ಲೇ — "ಎವರೂ ಲೇರು ಸಾರ್, ಮೇಮೇ ವಚ್ಚಿನಾಮು." ಯಾರೂ ಇಲ್ಲ, ನಾವೇ ಬಂದ್ವಿ!
ಅವರು ನಕ್ಕು ಫೈಲ್ ತರಿಸಿದರು. ಸ್ಯಾಂಕ್ಷನ್! ಮೆಟ್ಟಿಲ ಮೇಲೇ ಕೂತು ಕಾಗದವನ್ನು ಎರಡು ಸಲ ಓದಿದೆ.

19-4-90, ಮಧ್ಯಾಹ್ನ, ಶೆಡ್ಡು
ಮಾವ ಕಳಿಸಿದ ಹನ್ನೆರಡು ಮಗ್ಗ ಹೋದ ವಾರವೇ ಎರಡು ಲಾರಿಯಲ್ಲಿ ಬಂದು, ಜೋಡಿಸಿ ನೂಲು ಹೂಡಿದ್ದೂ ಆಯ್ತು. ಬೆಳಿಗ್ಗೆ ಮಾವನೇ ಬಂದರು. ಹಾರವಿಲ್ಲ, ಮೈಕಿಲ್ಲ. ಒಂದು ಮಗ್ಗದಲ್ಲಿ ಎಳೆ ಕಡಿದಿತ್ತು, ತಾವೇ ಬಗ್ಗಿ ಗಂಟು ಹಾಕಿದರು. ಮಿಲ್ಲು ಕಟ್ಟುವ ಮುಂಚೆ ಅವರೂ ಕೈಮಗ್ಗದಲ್ಲಿ ಕೂತವರೇ. "ಕೈ ಮರ್ತಿಲ್ಲ ಕಣಮ್ಮ," ಅಂದರು. ಅವರ ಕಣ್ಣು ತುಂಬಿತ್ತು.
ರಾಮಕ್ಕ ಸ್ವಿಚ್ ಹಾಕಿದಳು. ಹನ್ನೆರಡೂ ಒಟ್ಟಿಗೆ... ಅಬ್ಬಾ, ಏನು ಸದ್ದು! ಮಾವ ಏನೋ ಅಂದರು, ಕೇಳಿಸಲಿಲ್ಲ. ಕಿವಿಯ ಹತ್ತಿರ ಬಂದು ಕೂಗಿದರು: "ಇನ್ಮ್ಯಾಲೆ ನೀನೇ ನೋಡ್ಕೊ ಸರಸ್ವತಮ್ಮ. ನಾನು ಹೋಯ್ತೀನಿ."
ನಾನೇ! ಇನ್ನೂ ನಂಬಿಕೆ ಬರುತ್ತಿಲ್ಲ. ನಾಳೆಯಿಂದ ಬೆಳಿಗ್ಗೆ ಆರಕ್ಕೆ — ತಾಳು, ಮೂರನೇ ಮಗ್ಗ ನಿಂತಿತು, ಕರೆಯುತ್ತಿದ್ದಾರೆ, ನೋಡಿ ಬಂದು