ದುಭಾಷಿ ಬಿಟ್ಟ ನಗು

ಚಿನ್ ಬೆಟ್ಟಗಳು
ಹೊಸ ಪಂಚಾಂಗದ ಹದಿಮೂರನೆಯ ತಿಂಗಳ ಮೊದಲ ದಿನ, ೨೩೧೪

ನಮಗಿಂತ ಮುಂಚೆ ಬಾಳುತ್ತಿರುವ ಮಾನ್ಯರ ಸಮ್ಮುಖಕ್ಕೆ, ಹುಂಗ್ ಲೈ ಎಂಬ ಮುದುಕಿಯ ಅರಿಕೆ. ಕಚೇರಿಗಳಿಗೆ ಅರ್ಜಿ ಬರೆದೂ ಬರೆದೂ ನನ್ನ ಮಾತು ಬಿಗಿದುಕೊಂಡಿದೆ. ನಮ್ಮ ಕೆಲವು ಪದಗಳು ತಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಎರಡನ್ನೂ ಮನ್ನಿಸಬೇಕು.

ಬೆತ್ತದ ಮುಳ್ಳು, ಅವರೆ ಎಲೆಯ ರಸ, ಒಲೆಯ ಮಸಿ, ಇವಿಷ್ಟರಿಂದ ಹೆಣ್ಣಿನ ಮುಖದ ಮೇಲೆ ಅವಳ ಕುಲವನ್ನು ಬರೆಯುವುದು ನಮ್ಮ ಮನೆತನದ ವಿದ್ಯೆ. ಈಗ ನಾವು ಬೆಳಗಾದರೆ ಮಂಜುಬಲೆಗಳಿಂದ, ಅಂದರೆ ಗಾಳಿಯ ನೀರನ್ನು ಹಿಡಿಯುವ ಜಾಲಗಳಿಂದ, ಕೊಡ ತುಂಬಿಕೊಳ್ಳುತ್ತೇವೆ; ಆ ಸಾಲಿನಲ್ಲಿ ಮುಖದ ಮೇಲೆ ಗೆರೆಯಿರುವವಳು ನಾನೊಬ್ಬಳೇ. ಗೆರೆಗಳು ಜೇಡರ ಬಲೆಯಂತಿವೆಯೆಂದು ಎಳೆಯರು ನನ್ನನ್ನು ಜೇಡಜ್ಜಿ ಎನ್ನುತ್ತಾರೆ. ಜೇಡವಾದರೂ ನೇಯುತ್ತದೆ, ನೀವೇನು ನೇಯುತ್ತೀರಿ ಎಂದು ನಾನೂ ಕೇಳುತ್ತೇನೆ.

ಮೊಮ್ಮಗಳು ನೀಂಗ್, ಪ್ರಾಯಕ್ಕೆ ಬಂದವಳು, ತನಗೂ ಹಚ್ಚೆ ಬೇಕೆಂದು ತಾನಾಗಿ ಕೇಳಿದಳು. ಬಹಳ ನೋಯುತ್ತದೆ, ಬೇಡ ಎಂದೆ; ಬಿಡಲಿಲ್ಲ. ದೇಹಕ್ಕೆ ನೋವಾಗುವ ಯಾವ ಕೆಲಸಕ್ಕೂ ಇಲ್ಲಿ ನೋವುಸಭೆಯೆಂಬ ಕಚೇರಿಯ ಅಪ್ಪಣೆ ಬೇಕು. ಅರ್ಜಿ ಸಲ್ಲಿಸಿದೆವು. ತಿರಸ್ಕೃತವಾಯಿತು. ಪರರು ಅಪಹರಿಸದಿರಲೆಂದು ಹೆಣ್ಣನ್ನು ಕುರೂಪಗೊಳಿಸಲು ಹುಟ್ಟಿದ ಗೆರೆಗಳಿವು ಎಂದು ಕಾರಣ ಕೊಟ್ಟರು. ಹಳೆಯ ಆಂಗ್ಲ ಅಧಿಕಾರಿಯೊಬ್ಬನ ವರದಿ ಅದಕ್ಕೆ ಆಧಾರ. ಅದನ್ನು ನಕಲು ಮಾಡಿ ಬರೆದ ಪುಸ್ತಕಗಳೆಲ್ಲ ಸಾಕ್ಷಿ.

ಆ ವರದಿಯಲ್ಲಿರುವ ಉತ್ತರ ಕೊಟ್ಟವಳು ನಮ್ಮ ಮೂಲಜ್ಜಿ ಪಾಯ್ ಓಮ್. ಆ ದಿನದ ಕಥೆ ನಮ್ಮಲ್ಲಿ ಬಾಯಿಂದ ಬಾಯಿಗೆ ಬಂದಿದೆ. ನವಣೆ ಕುಟ್ಟುತ್ತಿದ್ದ ಹೆಂಗಸರ ನಡುವೆ ನಿಂತು ಅಧಿಕಾರಿ, ಮುಖವನ್ನೇಕೆ ಕೆಡಿಸಿಕೊಂಡಿರಿ ಎಂದು ದುಭಾಷಿಯ ಮೂಲಕ ಕೇಳಿಸಿದ. ಅಜ್ಜಿ ಒನಕೆ ನಿಲ್ಲಿಸಿ, “ನಿನ್ನಂಥ ಚೆಲುವ ಹೊತ್ತುಕೊಂಡು ಹೋಗದಿರಲಿ ಅಂತ, ಮಗಾ” ಎಂದಳು. ಅಂಗಳವೆಲ್ಲ ನಕ್ಕಿತು. ದುಭಾಷಿ ಮಾತನ್ನು ದಾಟಿಸಿದ. ನಗುವನ್ನು ಈಚೆ ದಡದಲ್ಲೇ ಬಿಟ್ಟ.

ಇದನ್ನೂ ಸಭೆಗೆ ಬರೆದೆ. ನಗುವಿಗೆ ದಾಖಲೆಯಿಲ್ಲ ಎಂಬ ಉತ್ತರ ಬಂತು.

ನನ್ನ ಕೈ ನಡುಗಲು ತೊಡಗಿದೆ. ಈ ವಿದ್ಯೆ ಬೇರೊಬ್ಬರ ಕೈಯಲ್ಲಿಲ್ಲ. ನಿನ್ನೆ ನೀಂಗ್ ಬರಿಯ ಮಸಿಯಿಂದ ಗೆರೆ ಬರೆಸಿಕೊಂಡು, ಬಹಳ ಹೊತ್ತು ಕನ್ನಡಿ ನೋಡಿ, ಮಂಜುನೀರಿನಲ್ಲಿ ತೊಳೆದುಕೊಂಡಳು. ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರವಾಗುತ್ತಿತ್ತು.

ಆದಕಾರಣ ಪ್ರಾರ್ಥನೆ. ತಮ್ಮ ಕಾಲದಲ್ಲಿ ಹಚ್ಚೆಯ ಮುಖದ ಅಜ್ಜಿಯರು ಇನ್ನೂ ಬದುಕಿದ್ದಾರೆ. ಚಿತ್ರ ತೆಗೆಯಲು ತಾವು ಬೆಟ್ಟ ಹತ್ತಿ ಬರುತ್ತೀರಿ. ಚಿತ್ರಗಳು ನಮ್ಮಲ್ಲಿ ಕೊಳೆಯುವಷ್ಟಿವೆ. ಅವರ ಮಾತನ್ನು ಬರೆದುಕೊಳ್ಳಿ; ಹೇಳುವಾಗ ನಕ್ಕರೆ, ನಕ್ಕರು ಎಂದೂ ಬರೆಯಿರಿ. ಆ ಒಂದು ಪದ ನನ್ನ ಮೊಮ್ಮಗಳ ಮುಖ.

ಇನ್ನು ಯಾರಿಗೂ ವಿಧೇಯಳಲ್ಲದ,
ಹುಂಗ್ ಲೈ